ಇಬ್ಬರ ನಡುಗಡ್ಡೆಗೆ ಮೂರನೆಯವನು

ನಮ್ಮ ಕಾಕಾ ಕಾಕಿಯನ್ನು ಮಧುಚಂದ್ರಕ್ಕೆ ಕರೆದುಕೊಂಡು ಹೋದದ್ದು ಮದುವೆಯಾಗಿ ಮೂವತ್ತು ವರ್ಷವಾದ ಮೇಲೆ. ಜೊತೆಗೆ ನನ್ನನ್ನೂ ಕರೆದುಕೊಂಡು ಹೋದ! ನಗಬೇಡಿ. ನಾನಿಲ್ಲದೆ ಆ ಮಧುಚಂದ್ರ ನಡೆಯುವಂತೆಯೇ ಇರಲಿಲ್ಲ. ಏಕೆಂದರೆ ಗಂಡ ಹೆಂಡತಿ ಮಾತು ಬಿಟ್ಟು ಆಗಲೇ ಎಂಟು ವರ್ಷವಾಗಿತ್ತು. ಎಂಟೋ, ಒಂಬತ್ತೋ? ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ದೇವರನ್ನು ಅಷ್ಟಾಗಿ ನಂಬುವುದಿಲ್ಲ, ನನ್ನ ನೆನಪನ್ನಂತೂ ಅಷ್ಟೂ ನಂಬುವುದಿಲ್ಲ. ಆದ್ದರಿಂದ ಸ್ವಲ್ಪ ರಿಯಾಯಿತಿ ಕೊಟ್ಟು ಓದಿ.

ಮಾತು ನಿಂತದ್ದು ಒಂದು ಟಗರಿನಿಂದ. ತಾಯಿ ಸತ್ತ ಆ ಮರಿಗೆ ಕಾಕಿ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಕಾಕಾ ಒಂದು ದಿನ ಅವಳನ್ನು ಕೇಳದೆ ಜತ್ತಿನ ಸಂತೆಯಲ್ಲಿ ಅದನ್ನು ಮಾರಿ ಬಂದ. ಅಂದು ಸಂಜೆ ಕಾಕಿ, ಕಟ್ಟೆಯ ಮೇಲೆ ಕೂತು ಓದುತ್ತಿದ್ದ ನನಗೆ ಹೇಳಿದಳು:

"ತಮ್ಮಾ, ನಿಮ್ಮ ಕಾಕಾಗ ಹೇಳು. ಇನ್ನ ಮ್ಯಾಲ ನಾ ಅವರ ಜೋಡಿ ಮಾತಾಡಂಗಿಲ್ಲ."

ಕಾಕಾ ಎರಡು ಮಾರು ದೂರದಲ್ಲೇ ಕೂತಿದ್ದ. "ನಿಮ್ಮ ಕಾಕಿಗೆ ಹೇಳು, ಕೇಳಿಸ್ತು ಅಂತ."

ಅಂದಿನಿಂದ ಬಿಳೂರಿನ ಆ ಮನೆಗೆ ನಾನೇ ಟಪಾಲಿನವ. ನಾನು ಸಿಗದಿದ್ದಾಗ ಇಬ್ಬರೂ ಎಮ್ಮೆಗೆ ಹೇಳುತ್ತಿದ್ದರು. ಎಮ್ಮೆ ನನಗಿಂತ ಪ್ರಾಮಾಣಿಕ, ತನ್ನದೇನನ್ನೂ ಸೇರಿಸುತ್ತಿರಲಿಲ್ಲ.

ಹೀಗಿರುವಾಗ ಕುರಿ ಔಷಧಿ ಮಾರುವ ಅಂಗಡಿಯೊಂದರ ಲಕ್ಕಿ ಡ್ರಾದಲ್ಲಿ ಕಾಕಾಗೆ ಎರಡನೆಯ ಬಹುಮಾನ ಬಂತು: ಸಮುದ್ರದ ನಡುವಿನ ಒಂದು ಪುಟ್ಟ ನಡುಗಡ್ಡೆಯಲ್ಲಿ ದಂಪತಿಗಳಿಗೆ ನಾಲ್ಕು ದಿನ! ಕಾಕಾ ನನ್ನ ಕಿವಿಯಲ್ಲಿ ಹೇಳಿದ: "ಸುತ್ತ ಬರೇ ನೀರು. ಎಲ್ಲಿ ಹೋಗ್ತಾಳ? ಮಾತಾಡಲೇಬೇಕು." ಆಡು ತಪ್ಪಿಸಿಕೊಳ್ಳುತ್ತದೆ ಎಂದರೆ ದೊಡ್ಡಿಗೆ ಹಾಕುವವನ ತರ್ಕ ಇದು. ಆದರೆ ಕಾಕಿಯೇನು ಕಡಿಮೆಯೇ? "ತಮ್ಮ ಬಂದ್ರ ನಾ ಬರ್ತೀನಿ ಅಂತ ಹೇಳು," ಎಂದು ಆ ತಮ್ಮನಿಗೇ ಹೇಳಿದಳು. ನನ್ನ ಟಿಕೀಟಿಗಾಗಿ ಕಾಕಾ ಒಂದು ಟಗರಿನ ಕಡೆ ನೋಡಿದ. ಕಾಕಿ ಕಾಕಾನ ಕಡೆ ನೋಡಿದಳು. ಟಿಕೀಟು ನಾನೇ ತೆಗೆಸಿದೆ.

ನಡುಗಡ್ಡೆಯ ಹೋಟೆಲಿನವರು ಕಾಕಾಗೆ ಹೂವಿನ ಚಿತ್ರಗಳ ಒಂದು ಚಡ್ಡಿ ಉಡುಗೊರೆ ಕೊಟ್ಟರು. ತಲೆಗೆ ಕೆಂಪು ರುಮಾಲು, ಹೆಗಲಿಗೆ ಕಂಬಳಿ, ಕೆಳಗೆ ಈ ಚಡ್ಡಿ! ಕಾಕಿ ಮುಖ ತಿರುಗಿಸಿ, "ಯಾರ ಮನಿ ಪಡದಾ ಹರದು ಹೊಲಿಸ್ಯಾರ ಕೇಳು," ಎಂದಳು.

ಮಧ್ಯಾಹ್ನ ಮಲಗೆದ್ದು ನೋಡಿದರೆ ಸಮುದ್ರ ಬಹಳ ಹಿಂದೆ ಸರಿದಿತ್ತು. ಇಳಿತ ಎಂದರೇನೆಂದು ನಮ್ಮವರಿಗೆ ಹೇಗೆ ಗೊತ್ತಾಗಬೇಕು? ನಮ್ಮ ಕಡೆ ಕಾಲುವೆ ನೀರು ಪಾಳಿಯ ಪ್ರಕಾರ ಬರುತ್ತದೆ, ಪಾಳಿ ಮುಗಿದರೆ ನಿಲ್ಲುತ್ತದೆ. "ನೀರ ಬಂದ್ ಮಾಡ್ಯಾರೋ!" ಎಂದು ಕೂಗುತ್ತ ಕಾಕಾ ಬಕೀಟು ಹಿಡಿದು ಓಡಿದ. ಟಬ್ಬು, ಕೆಟಲಿ, ಕೊನೆಗೆ ಹೂದಾನಿಗಳನ್ನೂ ತುಂಬಿಸಿದ.

"ಅದು ಉಪ್ಪ ನೀರು ಅಂತ ಹೇಳು," ಎಂದಳು ಕಾಕಿ.

"ಇರಲಿ, ಸಾರಿಗಿ ಆಕ್ಕೈತಿ ಅಂತ ಹೇಳು!"

ರಾತ್ರಿ ಊಟಕ್ಕೆ ಮರಳಿನ ಮೇಲೆ ಹೂ ಹಾಸಿ ಎರಡೇ ಕುರ್ಚಿ ಇಟ್ಟಿದ್ದರು. ನಾನು ನಡುವೆ ನೆಲಕ್ಕೆ ಕೂತೆ. ಬಡಿಸುವವನು ಹಿಂದಿಯಲ್ಲಿ, ತಾವು ಯಾರು ಎಂದ. "ದುಭಾಷಿ," ಎಂದೆ. ಯಾವ ಭಾಷೆಯಿಂದ ಯಾವ ಭಾಷೆಗೆ ಎಂದ. "ಕನ್ನಡದಿಂದ ಕನ್ನಡಕ್ಕೆ!"

ಮೂರು ದಿನ ಹೀಗೇ ಕಳೆದವು. ಕಾಕಿ ಕಾಕಾನ ಜೊತೆ ನೇರವಾಗಿ ಒಂದು ಮಾತೂ ಆಡಲಿಲ್ಲ, ಅವನ ಮುಖ ದಿನದಿನಕ್ಕೆ ಸಪ್ಪಗಾಯಿತು. ಕೊನೆಯ ದಿನ ನೀರು ಇಳಿದಾಗ, ಅದನ್ನು ಬಂದ್ ಮಾಡುವ ಗೇಟು ಎಲ್ಲಿದೆ ನೋಡಿ ಬರುತ್ತೇನೆಂದು ಅವನು ಬಯಲಾದ ಮರಳ ಮೇಲೆ ನಡೆಯುತ್ತ ಹೊರಟ. ದೂರ, ಬಹಳ ದೂರ. ರುಮಾಲು ಒಂದು ಕೆಂಪು ಚುಕ್ಕೆಯಾಯಿತು. ಅಷ್ಟರಲ್ಲಿ ನೀರು ತಿರುಗಿ ಬರತೊಡಗಿತು.

"ಹೊಳ್ಳಿ ಬಾ ಅಂತ ಹೇಳು!" ಎಂದಳು ಕಾಕಿ. ಕೂಗಿದೆ. ಕಾಕಾ ತಿರುಗಿ ನೋಡಿ, ಕೈ ಬೀಸಿ, ಅಲ್ಲೇ ನಿಂತ. ಮತ್ತೆ ಕೂಗಿದೆ, ಮತ್ತೆ ಕೈ ಬೀಸಿದ. ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು. ಕಾಕಿ ನನ್ನ ತೋಳು ಹಿಡಿದಳು.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಲೇಬೇಕಾದರೆ ಮದುವೆಮನೆಯಲ್ಲಿ ಹೆಂಗಸರು ಕಾಡಿದಾಗ, ಪ್ರಾಸ ಕಟ್ಟಿದ ಒಡಪಿನಲ್ಲಿ ಸೇರಿಸಿ ಹೇಳಬೇಕು. ಕಾಕಿ ಕಣ್ಣು ಮುಚ್ಚಿದಳು. ತುಟಿ ಅಲುಗಿದವು. ಗಂಡ ಮುಳುಗುತ್ತಿದ್ದಾನೆ, ಈಕೆ ಪ್ರಾಸ ಹುಡುಕುತ್ತಿದ್ದಾಳೆ! ಆಮೇಲೆ ಕುರಿ ಹಿಂಡನ್ನು ಕೂಗುವ ದನಿಯಲ್ಲಿ ಕೂಗಿದಳು:

"ನಾಕೂ ಕಡೆ ನೀರು, ನಡುವ ನಡುಗಡ್ಡಿ,
......ರಾಯರ, ಲಗೂನ ಬರ್ರಿ, ತೊಯ್ತೈತಿ ಚಡ್ಡಿ!"

ಚುಕ್ಕಿಗಳಿರುವಲ್ಲಿ ಹೆಸರಿತ್ತು. ಅದನ್ನು ಹೇಳುವ ಹಕ್ಕು ನನ್ನದಲ್ಲ. ಚಡ್ಡಿ ಅಂದೇ ಇಲ್ಲ ಎಂದು ಕಾಕಿ ಇಂದಿಗೂ ವಾದಿಸುತ್ತಾಳೆ, ಅವಳ ಮಾತೇ ನಿಜವಿದ್ದರೂ ಇರಬಹುದು. ಆದರೆ ಕಾಕಾ ರುಮಾಲು ತೆಗೆದು ಕೈಯಲ್ಲಿ ಹಿಡಿದು, ನೀರನ್ನು ಸೀಳುತ್ತ ನೇರ ಬಂದ.

"ಒಡಪು ಹಾಕಿದ್ರ ಮಾತಾಡಿದಂಗಲ್ಲ ಅಂತ ಹೇಳು," ಎಂದು ಕಾಕಿ ಕಣ್ಣೊರೆಸುತ್ತ ಒಳಗೆ ಹೋದಳು.

ನಾನು ಕಾಕಾನ ಮೇಲೆ ರೇಗಿದೆ. "ನನ್ನ ದನಿ ಕೇಳಲಿಲ್ಲೇನು?"

"ಮೊದಲ ಸಲಾನ ಕೇಳಿತ್ತು."

"ಮತ್ತ ಯಾಕ ಬರಲಿಲ್ಲ?"

ಚಡ್ಡಿ ಹಿಂಡಿಕೊಳ್ಳುತ್ತ ಅಂದ: "ನಿನ್ನ ದನಿ ಕೇಳಾಕ ನಾ ಬಿಳೂರಿಂದ ಇಲ್ಲೀತನ ಬಂದೀನೇನೋ, ತಮ್ಮಾ?"

ಮರಳುವಾಗ ದೋಣಿಯಲ್ಲಿ ನನಗೆ ಹಿಂದಿನ ತುದಿಯಲ್ಲಿ, ಎಂಜಿನ್ನಿನ ಪಕ್ಕ ಜಾಗ ಸಿಕ್ಕಿತು. ಅವರಿಬ್ಬರೂ ಮುಂದೆ, ಒಂದೇ ಕಂಬಳಿಯಲ್ಲಿ. ಕಾಕಿಯ ತಲೆ ಕಾಕಾನ ಕಡೆ ವಾಲಿತು. ತುಟಿ ಅಲುಗಿದವು. ಕಾಕಾ ಏನೋ ಅಂದ, ಕಾಕಿ ಮತ್ತೇನೋ ಅಂದಳು. ದಂಡೆ ಬರುವ ತನಕ ನಿಲ್ಲಲೇ ಇಲ್ಲ. ಎಂಜಿನ್ನಿನ ಗದ್ದಲದಲ್ಲಿ ನನಗೆ ಒಂದಕ್ಷರವೂ ಕೇಳಲಿಲ್ಲ. ಅಷ್ಟು ವರ್ಷ ಅವರ ಒಂದೊಂದು ಮಾತನ್ನೂ ಹೊತ್ತವನು ನಾನು. ಉಳಿದದ್ದೆಲ್ಲ ನನ್ನ ನೆನಪಿನಲ್ಲಿ ಅದಲುಬದಲಾಗಿರಬಹುದು. ನನಗೆ ಕೇಳದೆ ಹೋದ ಆ ಮಾತುಗಳ ಬಗ್ಗೆ ಮಾತ್ರ ಅನುಮಾನವೇ ಇಲ್ಲ.