ಹಕ್ಕಿಗೊಂದು ಬಾಡಿಗೆ ಮನೆ

ಸಂವಿಧಾನ ಕೊಟ್ಟ ಹಕ್ಕುಗಳನ್ನು ನಮ್ಮ ಜನ ಬಹಳ ಜೋಪಾನವಾಗಿ ಇಟ್ಟಿದ್ದಾರೆ. ಬಳಸಿದರೆ ಎಲ್ಲಿ ಸವೆದುಹೋಗುತ್ತವೋ ಎಂಬ ಭಯ. ಪೌರನೀತಿ ಮಾಸ್ತರನಾಗಿ ನಾನು ಹೋದಲ್ಲೆಲ್ಲ ಈ ಜೋಪಾನ ಕಂಡಿದ್ದೇನೆ. ನಮ್ಮ ಡ್ರಿಲ್ ಮಾಸ್ತರರಿಗೂ ನನಗೂ ವರ್ಗ ಹೆಚ್ಚುಕಮ್ಮಿ ಒಟ್ಟಿಗೇ ಆಗುತ್ತಿತ್ತು. ನನಗೆ ಸಂಜೆಯೊಳಗೆ ಬಾಡಿಗೆ ಮನೆ ಸಿಗುತ್ತಿತ್ತು. ಅವರು ದಲಿತರು, ಶಾಲೆಯ ಆಟದ ಸಾಮಾನಿನ ಕೋಣೆಯೇ ಗತಿ. ಅವರ ಹೆಂಡತಿ ಮಕ್ಕಳು ಸ್ವಂತ ಊರು ಅರಕೇರಾದಲ್ಲೇ ಕಾಯುತ್ತಿದ್ದರು.

೧. ಮಾನ್ವಿ

ತುರ್ತು ಪರಿಸ್ಥಿತಿಯ ಕಾಲ. ಹೆಡ್‌ಮಾಸ್ತರರು ನಮ್ಮಿಬ್ಬರನ್ನೂ ಕರೆದು, ಬಾಗಿಲು ಹಾಕಿ, "ಹಕ್ಕಿನ ಪಾಠ ಈಗ ಬ್ಯಾಡ್ರಿ" ಎಂದರು.

"ಪರೀಕ್ಷಿಗೆ ಬರ್ತದಲ್ರೀ?" ಎಂದೆ.

"ಹುಡುಗ್ರು ಮನಸ್ನಾಗ ಓದ್ಕೊಳ್ಳಲಿ. ಬಾಯಿಬಿಟ್ಟು ಹೇಳಿದ್ರ ಪೊಲೀಸ್ರು ಒಳಗ ಹಾಕ್ತಾರ."

ಡ್ರಿಲ್ ಮಾಸ್ತರರ ಮುಖ ಅರಳಿತು. "ಹಂಗಾದ್ರ ಪಾಠ ನಾನ ಹೇಳ್ತೀನಿ ಬಿಡ್ರಿ. ಜೈಲಿನಾಗಾದ್ರೂ ಒಂದು ಖೋಲಿ ಸಿಗ್ತದ!"

೨. ದೇವದುರ್ಗ

ಇಲ್ಲಿ ಒಂದು ಮನೆ ಖಾಲಿ ಇತ್ತು. ಮಾಲೀಕರು ಕುರ್ಚಿ ಹಾಕಿ ಕೂಡಿಸಿ, "ಜಾತಿ ಗೀತಿ ಕೇಳೋ ಮಂದಿ ನಾವಲ್ರಿ" ಎಂದರು. ನಮಗೋ ಹಿಗ್ಗು. ಆಮೇಲೆ ಊರು ಕೇಳಿದರು, ಓಣಿ ಕೇಳಿದರು, ಮನೆತನದ ಅಡ್ಡಹೆಸರು ಕೇಳಿದರು. ಡ್ರಿಲ್ ಮಾಸ್ತರರು ಊರನ್ನು ಮಾತ್ರ ಹೇಳಿ, ಉಳಿದದ್ದಕ್ಕೆ ನಕ್ಕು ಜಾರಿಕೊಂಡರು.

"ಹೋಗ್ಲಿ, ನಿಮ್ಮ ಮನಿದೇವ್ರು ಯಾವುದ್ರಿ?"

"ಸಂವಿಧಾನರಿ."

ಮಾಲೀಕರು ಬಹಳ ಯೋಚಿಸಿ, "ಗುಡಿ ಎಲ್ಲಿ ಅದ?" ಎಂದರು.

"ದಿಲ್ಲಿಯಾಗ."

"ಅಯ್ಯ, ಕಾಯಿ ಒಡಸಾಕ ಅಷ್ಟು ದೂರ ಹೋಗಬೇಕೇನ್ರಿ?" ಎಂದು ಮರುಗಿದರು. ಮರುಕವನ್ನೇನೋ ಧಾರಾಳವಾಗಿ ಕೊಟ್ಟರು, ಮನೆ ಕೊಡಲಿಲ್ಲ.

೩. ರಾಯಚೂರು

ಎಂಬತ್ತರ ದಶಕಕ್ಕೆ ರಾಯಚೂರು ಸೇರಿದೆವು. ಸಮಾನತೆಯ ಬಗ್ಗೆ ಸಭೆ ಸಭೆಯಲ್ಲಿ ಗುಡುಗುವ ವಕೀಲರೊಬ್ಬರ ಹಿತ್ತಲ ಮನೆ ಖಾಲಿ ಇತ್ತು. ಬೇಸತ್ತ ಡ್ರಿಲ್ ಮಾಸ್ತರರು ಈ ಸಲ ಜಾತಿಯನ್ನು ತಾವೇ ಮೊದಲು ಹೇಳಿಬಿಟ್ಟರು.

"ನನಗೇನೂ ಅಭ್ಯಂತರ ಇಲ್ರಿ. ಆದ್ರ ನಮ್ಮ ಮನಿಯಾಕಿ ಒಪ್ಪಂಗಿಲ್ಲ" ಎಂದರು ವಕೀಲರು.

ಒಳಗಿದ್ದ ಅವರ ಹೆಂಡತಿ ಹೊರಗೆ ಬಂದರು. "ನನ್ನ ಯಾವಾಗ ಕೇಳಿದ್ರಿ? ಕೊಡ್ರಿ ಮನಿ."

"ಮಗ್ಗಲ ಮನಿಯವ್ರು ಏನಂತಾರ?"

ಆಕೆ ಪಕ್ಕದ ಮನೆಯ ಅಕ್ಕಿ ವ್ಯಾಪಾರಿ ಸಾಹೇಬರನ್ನು ಕೂಗಿದರು. ಅವರು ಗೋಡೆಯ ಮೇಲಿಂದ ಇಣುಕಿ, "ಬರ್ಲಿ ಬಿಡ್ರಿ ಅಮ್ಮಾ, ನಮಗೇನು ತಕ್ಲೀಫು?" ಎಂದರು.

ವಕೀಲರು ಬೆವರು ಒರೆಸಿಕೊಂಡರು. "ಎಲ್ಲಾರೂ ಒಪ್ಪಿದ್ರೂ ದೇವ್ರು ಒಪ್ಪಬೇಕಲ್ಲ?"

ಆಕೆ ಕೀಲಿಕೈಯನ್ನು ಡ್ರಿಲ್ ಮಾಸ್ತರರ ಕೈಗೆ ಕೊಟ್ಟು ಗಂಡನ ಕಡೆ ತಿರುಗಿದರು: "ನೀವು ಹೋಗಿ ದೇವ್ರನ್ನ ಕರಕೊಂಡು ಬರ್ರಿ. ಅಷ್ಟರಾಗ ಇವ್ರು ಸಾಮಾನು ಇಳಿಸ್ಲಿ."