ಕಲೂರಿನ ನನ್ನ ಹೋಟೆಲು, ಪಟ್ಟಂನ ಅವಳ ಹೋಟೆಲು

ಕಾಸರಗೋಡಿನ ನಮ್ಮ ಮನೆತನದಲ್ಲಿ ತಲೆತಲಾಂತರದಿಂದ ವಕೀಲರು. ನಮ್ಮಲ್ಲಿ ಊಟಕ್ಕೆ ಕರೆದರೆ ಜಡ್ಜರೂ ಬರುತ್ತಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಕೊಚ್ಚಿಯಲ್ಲಿ ಹೋಟೆಲು ತೆರೆದಾಗ ಮನೆತನದ ಹೆಸರನ್ನೇ ಬೋರ್ಡಿಗೆ ಹಾಕಿದೆ. ಅದು ನಡೆಯದಿದ್ದರೆ ಊರಿಗೆ ಮುಖ ತೋರಿಸುವಂತಿಲ್ಲ. ಆದರೆ ತೆರೆದ ದಿನದಿಂದ ಈ ಕೆಳಗಿನಂಥವೇ ನಡೆಯುತ್ತಿವೆ.

ಜಾಗ

ಕಲೂರಿನ ಸ್ಟೇಡಿಯಂ ಹತ್ತಿರ ಜಾಗ ಹಿಡಿದೆ. ಜನ ಇದ್ದಲ್ಲಿ ಹಸಿವೂ ಇರಬೇಕಲ್ಲ. ಮ್ಯಾಚಿನ ಸಂಜೆ ಹುಡುಗರ ದಂಡೇ ಒಳನುಗ್ಗಿತು.

"ಚೇಚಿ, ಪೊರೋಟ, ಬೀಫ್ ಉಂಟೋ?"

"ಇದು ಶುದ್ಧ ಸಸ್ಯಾಹಾರಿ. ನೀರುದೋಸೆ ಇದೆ, ಕಾಯಿಹಾಲು ಇದೆ."

ಒಬ್ಬ ಬಹಳ ಮರ್ಯಾದೆಯಿಂದ ಕೇಳಿದ: "ಇಲ್ಲಿ ಯಾರಿಗಾದರೂ ಹುಷಾರಿಲ್ಲವಾ, ಚೇಚಿ?"

ನೀರು

ಇಲ್ಲಿಯವರಿಗೆ ಊಟದ ಜೊತೆ ಮರದ ಚಕ್ಕೆ ಹಾಕಿ ಕುದಿಸಿದ ಕೆಂಪು ಬಿಸಿನೀರು ಬೇಕು. ಕುಡಿಯುವ ನೀರಿಗೆ ಬಣ್ಣವಿರಬಾರದೆಂಬುದು ನನ್ನ ನಿಯಮ. ಗಾಜಿನ ಲೋಟದಲ್ಲಿ ತಣ್ಣೀರಿಟ್ಟೆ. ನಿವೃತ್ತ ಅಧಿಕಾರಿಯೊಬ್ಬರು ಲೋಟವನ್ನು ಬದಿಗೆ ಸರಿಸಿ, ಚೀಲದಿಂದ ತಮ್ಮದೇ ಫ್ಲಾಸ್ಕು ತೆಗೆದು ಅಕ್ಕಪಕ್ಕದವರಿಗೂ ಸುರಿದರು. ಆ ದಿನ ನನ್ನ ಹೋಟೆಲಿನಲ್ಲಿ ಜನ ಬಾಯ್ತುಂಬ ಹೊಗಳಿದ್ದು ಆ ನೀರೊಂದನ್ನೇ.

ಸಾಲು

ಈ ನಡುವೆ ಗಂಡನ ತಂಗಿ ತಿರುವನಂತಪುರದ ಪಟ್ಟಂನಲ್ಲಿ, ಸರ್ಕಾರಿ ಕಚೇರಿಗಳ ಬಳಿ, ಹೋಟೆಲು ತೆರೆದಳು. ಅದೂ ಒಂದು ಹೋಟೆಲೇ? ಬರೀ ಬೆಂಚು! ತೆರೆಯುವ ಮೊದಲು ಬಸ್‌ಸ್ಟಾಪಿನಲ್ಲಿ ನಿಂತು, ಮಧ್ಯಾಹ್ನಕ್ಕೆ ಏನು ತಿನ್ನುತ್ತೀರಿ ಎಂದು ಕಂಡಕಂಡವರನ್ನೆಲ್ಲ ವಿಚಾರಿಸಿದಳಂತೆ. ನಮ್ಮ ತವರಿನ ಹೆಂಗಸರು ಹಾಗೆಲ್ಲ ಬಸ್‌ಸ್ಟಾಪಿನಲ್ಲಿ ಪರಪುರುಷರ ಊಟ ವಿಚಾರಿಸಿದವರಲ್ಲ.

ಅವಳ ಹೋಟೆಲಿನ ಮುಂದೆ ಜನ ಸಾಲು ನಿಂತ ಫೋಟೋವನ್ನು ಮಗಳು ತೋರಿಸಿದಳು.

"ಬಸ್ಸಿಗೆ ನಿಂತಿರಬೇಕು," ಎಂದೆ.

ಮಗಳು ಮಲಯಾಳದಲ್ಲೇ ಹೇಳಿದಳು: "ಅಮ್ಮಾ, ಅವರ ಕೈಯಲ್ಲಿ ತಟ್ಟೆ ಇದೆ."

ಮೂಲೆಯ ಬೆಂಚು

ಕಣ್ಣಾರೆ ನೋಡಿಯೇಬಿಡೋಣವೆಂದು ರೈಲು ಹತ್ತಿದೆ. ನಮ್ಮ ಯಜಮಾನರು ಬ್ಯಾಂಕಿನವರು. ಮೀಟಿಂಗಿಗೆಂದು ಆಗಾಗ ತಿರುವನಂತಪುರಕ್ಕೆ ಹೋಗುವವರು. ಹೊಟ್ಟೆ ಸರಿಯಿಲ್ಲವೆಂದು ನನ್ನ ಹೋಟೆಲಿನಲ್ಲಿ ಗಂಜಿಯ ಹೊರತು ಏನನ್ನೂ ಮುಟ್ಟುವುದಿಲ್ಲ. ಪಟ್ಟಂಗೆ ಹೋಗಿ ನೋಡಿದರೆ, ಮೂಲೆಯ ಬೆಂಚಿನಲ್ಲಿ ಅಂಗಿಯ ತೋಳು ಮಡಚಿ ಕೂತು, ತಟ್ಟೆಗೆ ಮತ್ತೆ ಪುಳಿಶ್ಶೇರಿ, ಅಂದರೆ ಇಲ್ಲಿಯವರ ಮಜ್ಜಿಗೆಹುಳಿ, ಹಾಕಿಸಿಕೊಳ್ಳುತ್ತಿದ್ದಾರೆ!

ನಾದಿನಿ ಓಡಿಬಂದಳು. "ಬನ್ನಿ ಅತ್ತಿಗೆ! ಅಣ್ಣ ಬಂದಾಗೆಲ್ಲ ಇಲ್ಲಿಯೇ ಊಟ. ಜಾಗ ಎಲ್ಲಿ, ಅಡುಗೆ ಎಂಥದ್ದು, ಎಲ್ಲ ಅವನೇ ಹೇಳಿಕೊಟ್ಟದ್ದು."

"ಹೋಟೆಲಿನ ವಿಷಯ ನಿಮಗೇನು ಗೊತ್ತು?" ಎಂದು ಅವರನ್ನು ಕೇಳಿದೆ.

ಅವರು ಹಪ್ಪಳ ಮುರಿಯುತ್ತ ಅಂದರು: "ನನಗೇನೂ ಗೊತ್ತಿಲ್ಲ ಮಾರಾಯ್ತಿ. ನೀನು ಮಾಡಿದ್ದೊಂದನ್ನೂ ಮಾಡಬೇಡ ಅಂತ ಇವಳಿಗೆ ಅಂದೆ, ಅಷ್ಟೇ."

ಬೆಂಚುಗಳಲ್ಲಿದ್ದವರೆಲ್ಲ ನಕ್ಕರು. ಅಣ್ಣ, ತಂಗಿ ಇಬ್ಬರೂ ನನ್ನಲ್ಲಿ ಕ್ಷಮೆ ಕೇಳಬೇಕು.