ಮಾಸ್ಕಿನ ಹಿಂದಿನ ಬಾಯಿ

ಹಲ್ಲಿನ ಡಾಕ್ಟರ್ ಅಂದ್ರ ಮಂದಿ ಅಂಜತಾರ ಅಂತ ಎಲ್ಲಾರೂ ಅಂತಾರ. ಸುಳ್ಳರೀ. ಕುಕನೂರಾಗ ದವಾಖಾನಿ ಇಟ್ಟು ಹನ್ನೆರಡು ವರ್ಷ ಆತು, ಅಂಜಿ ನಡಗಾಕಿ ನಾನ. ವಾರಕ್ಕ ಒಮ್ಮೆರ ನನ್ನ ಎದಿ ಧಸಕ್ ಅನ್ನಲಿಲ್ಲಂದ್ರ ಆ ವಾರ ನಾ ಬಾಗಿಲಾನ ತಗದಿಲ್ಲಂತ ತಿಳಕೋರಿ.

ಕೊರೊನಾ ಹೋದಮ್ಯಾಲೆ ಇದು ಇನ್ನೂ ಜಾಸ್ತಿ ಆತು. ಮಂದಿ ಬಾಯಾಗ ಕೈ ಇಡಾಕಿ ನಾನು. ನನ್ನಿಂದ ಯಾರಿಗರ ಏನರ ಹತ್ತಿದರ ಹ್ಯಾಂಗಪಾ ಅಂತ ಆ ಎರಡು ವರ್ಷ ಜೀವ ಕೈಯಾಗ ಹಿಡಕೊಂಡಿದ್ದೆ. ಅದಕ್ಕ ಮತ್ತ ದವಾಖಾನಿ ತಗದ ದಿನಾನ ಒಂದು ನೇಮ ಮಾಡಿದೆ: ಒಬ್ಬರ ಬಾಯಿದು ಏನೂ ಇನ್ನೊಬ್ಬರ ಬಾಯಿಗೆ ಹೋಗಬಾರದು. ಗ್ವಾಡಿ ಮ್ಯಾಲೆ ದಪ್ಪ ಅಕ್ಷರದಾಗ ಬರಸಿದೆ. ಬಂದವರೆಲ್ಲಾ ಓದಿ, ಹೌದು ಹೌದು ಅಂತ ಗೋಣು ಹಾಕಿದ್ರು. ಮುಂದಿಂದು ಕೇಳ್ರಿ.

೧. ಹೊಸಾ ಸೀರಿ

ನಮ್ಮ ದವಾಖಾನಿ ಆಯಾ ಮೊದಲಿಂದ ನನ್ನ ಕೂಡ ಇದ್ದಾಕಿ. ಸಾಮಾನು ತೊಳಿಯೂದು ಅಕಿ ಕೆಲಸ, ಭಾಳ ನಿಯತ್ತಿನಾಕಿ. ಉಗಿಯೊಳಗ ಕ್ರಿಮಿ ಸಾಯಿಸೋ ಹೊಸಾ ಮಷಿನ್ ತರಿಸಿದೆ. ಆಯಾನ ಲೆಕ್ಕದಾಗ ಅದು ಸೀಟಿ ಹೊಡಿಲಾರದ ಕುಕ್ಕರ್. ಕನ್ನಡಿ, ಚಿಮಟಾ, ಇಕ್ಕಳ ಎಲ್ಲಾ ಒಂದೊಂದು ಪಾಕೀಟಿನಾಗ ಹಾಕಿ, ಬಾಯಿ ಅಂಟಿಸಿ ಒಳಗ ಇಡಬೇಕು. ಆಮ್ಯಾಲೆ ಆ ಪಾಕೀಟು ಹರಿಯೂದು ಪೇಶಂಟ್ ಕಣ್ಣ ಮುಂದ, ನಾನ. ಮೂರು ಸರ್ತಿ ಹೇಳಿಕೊಟ್ಟೆ.

ಮರುದಿನ ಮುಂಜಾನೆ ಬಂದು ನೋಡತೀನಿ, ಪಾಕೀಟು ಒಂದೂ ಇಲ್ಲ. ಸಾಮಾನೆಲ್ಲಾ ತಾಟಿನಾಗ ಥಳಥಳ ಹೊಳಕೋತ ಸಾಲಾಗಿ ಮಲಗ್ಯಾವ.

“ಪಾಕೀಟು ಎಲ್ಲಿ ಹೋದುವು?” ಅಂದೆ.

“ನಾನ ಹರದು ಇಟ್ಟೀನ್ರಿ ಅಕ್ಕಾರ. ನಿಮಗ್ಯಾಕ ತ್ರಾಸು?”

“ಮತ್ತ ಇಷ್ಟು ಹೊಳಪು ಹ್ಯಾಂಗ ಬಂತು?”

“ಹಸಿ ಇದ್ದುವಲ್ರಿ, ಸೆರಗಿಲೆ ಒರಸೀನಿ.”

ಪೇಶಂಟ್ ಕುಂದರೋ ಕುರ್ಚಿ ಮ್ಯಾಲೆ ನಾನ ಕುಸದು ಕುಂತೆ. ಹೊರಗ ಬಂದು ಕುಂತವರಿಗೆ ಒಂದು ತಾಸು ಕಾಯ್ರಿ ಅಂತ ಹೇಳಿ, ಎಲ್ಲಾ ಸಾಮಾನು ಮತ್ತ ಮಷಿನ್ನಿಗೆ ಹಾಕಿಸಿದೆ. ನನ್ನ ಬೈಗುಳ ಕೇಳಿ ಆಯಾನ ಮುಖ ಸಣ್ಣದಾತು.

“ಅಲ್ರಿ ಅಕ್ಕಾರ, ಹಳೀ ಸೀರಿಲೆ ಒರಸೀನೇನು? ಹೊಸಾ ಸೀರಿ ಐತ್ರಿ!”

೨. ಒಂದು ಸಾಕಲ್ರಿ

ಮಾಸ್ಕ್ ಇಲ್ಲದ ಒಳಗ ಬಿಡಂಗಿಲ್ಲ ಅಂತ ಇನ್ನೊಂದು ಬೋರ್ಡ್ ಹಾಕಿದ್ದೆ. ಒಂದು ಸಂತಿ ದಿನ ಭಾಳ ಮಂದಿ ಬಂದಿದ್ರು. ಮೊದಲನೇದಾಂವ ಹಸರು ಬಟ್ಟಿ ಮಾಸ್ಕ್ ಹಾಕ್ಕೊಂಡು ಬಂದ, ಅದರ ಮೂಲ್ಯಾಗ ಕೆಂಪು ದಾರದ ಹೂವು. ಚಂದ ಐತಿ ಅನಿಸ್ತು. ಎರಡನೇದಾಕಿದೂ ಹಸರು ಮಾಸ್ಕ್, ಕೆಂಪು ಹೂವು. ಒಂದ ಮನಿಯವರು ಇರಬೇಕು ಅಂದ್ಕೊಂಡೆ. ನಾಲ್ಕನೇದಾಂವ ಕುಷ್ಟಗಿ ಕಡೆಯ ಹಿರಿಯ. ಅವನ ಮಾರಿ ಮ್ಯಾಲೂ ಅದ ಹೂವು ಅರಳಿತ್ತು.

ನಾ ಕೈಗವಸು ಬಿಚ್ಚಿ ಒಗದು ಹೊರಗ ಓಡಿದೆ. ಬಾಕಿನ ಮ್ಯಾಲೆ ಕುಂತವರು ಎಂಟು ಮಂದಿ, ಎಲ್ಲಾರ ಬಾಯಿ ಬಯಲು. ಒಳಗಿಂದ ಬಂದಾಂವ ಬಾಗಿಲದಾಗ ಬಿಚ್ಚಿ ಕೊಡೂದು, ಒಳಗ ಹೋಗಾಂವ ಕಟ್ಟಿಕೊಳ್ಳೂದು. ಮುಂಜಾನಿಂದ ಇದ ನಡದಿತ್ತು.

“ಯಪ್ಪಾ, ಇಷ್ಟು ಮಂದಿಗೆ ಒಂದ ಮಾಸ್ಕ್ ಏನ್ರಿ!” ಅಂತ ಚೀರಿದೆ.

ಕುಷ್ಟಗಿ ಹಿರಿಯ ನನ್ನ ಹಿಂದ ಬಂದು ಭಾಳ ಸಮಾಧಾನದಿಂದ ಹೇಳಿದ: “ಒಂದು ಸಾಕಲ್ರಿ. ಒಳಗ ಬಿಡೂದು ನೀವು ಒಬ್ಬೊಬ್ಬರನ್ನ ಅಲ್ಲೇನು?”

೩. ತಳಕಲ್ ಅಜ್ಜಿ

ಇವೆಲ್ಲಾ ಏನೂ ಅಲ್ಲ. ತಳಕಲ್ಲಿನ ಅಜ್ಜಿ ಒಬ್ಬಾಕಿಗೆ ನಾನ ಪೂರ್ತಿ ಹಲ್ಲಿನ ಸೆಟ್ಟು ಮಾಡಿ ಕೊಟ್ಟಿದ್ದೆ. ಅಕಿದು ಒಂದ ಆಸೆ. “ಎರಡು ವರ್ಷ ಬಾಯಿ ಮುಚ್ಚಿಸಿದ್ರಿ ಡಾಕ್ಟರವ್ವಾ. ಯಲಬುರ್ಗಾದಾಗ ಮೊಮ್ಮಗಳ ಮದುವಿ ಐತಿ, ಫೋಟೋದಾಗರ ಬಾಯಿ ತಗದು ನಗಬೇಕು” ಅಂತಿದ್ಲು.

ಮದುವಿ ಹತ್ತು ದಿನ ಇದ್ದಾಗ ಅಜ್ಜಿ ಬಂದ್ಲು. ಅಜ್ಜಿ ಚೀಟಿ, ಅಜ್ಜಿ ಸೆಟ್ಟು, ತಲಿ ತುಂಬ ಸೆರಗು, ಮುಖದ ತುಂಬ ಮಾಸ್ಕ್. ಸೆಟ್ಟು ವಸಡಿಗೆ ಒತ್ತತೈತಿ ಅಂತ ಕೈಸನ್ನಿ ಮಾಡಿದ್ಲು. ಬಾಯಾಗ ಹತ್ತಿ ಇಟ್ಟು, “ತಳಕಲ್ ಅಜ್ಜಿ ಹೌದಲ್ಲ?” ಅಂದೆ. “ಹೂಂ” ಅಂದ್ಲು. ಬಾಯಾಗ ಹತ್ತಿ ಇದ್ದಾಗ ಬ್ಯಾರೆ ಏನು ಅಂತಾರ? ಒತ್ತೋ ಜಾಗಾ ಎಲ್ಲಾ ತಿಕ್ಕಿ, ತಿಕ್ಕಿ, ಸರಿಯಾಗಿ ಕೂಡಿಸಿ ಕಳಿಸಿದೆ.

ಮದುವಿ ಮೂರು ದಿನ ಇದ್ದಾಗ ಇಬ್ಬರು ಅಜ್ಜ್ಯಾರು ಜೋಡಿಲೆ ಬಂದ್ರು. ಒಬ್ಬಾಕಿ ಕಣ್ಣಾಗ ನೀರು.

“ಡಾಕ್ಟರವ್ವಾ, ನನ್ನ ಹಲ್ಲು ನನ್ನ ಬಾಯಾಗ ನಿಲ್ಲವಲ್ಲವು.”

“ಮೊನ್ನೆ ಸರಿ ಮಾಡಿ ಕೊಟ್ಟೆನಲ್ಲ ಅಜ್ಜಿ?”

“ನಾ ಎಲ್ಲಿ ಬಂದಿದ್ದೆ? ಬಂದಾಕಿ ಇಕಿ, ನನ್ನ ನೆಗೆಣ್ಣಿ, ಮೈದುನನ ಹೇಂತಿ. ಗಂಗಾವತಿ ನಿಶ್ಚಿತಾರ್ಥಕ್ಕ ಹೋಗಾಕ ಬೇಕಂದ್ಲು. ಬೋರಮಾಳ ಸರ ಕೇಳಿದ್ರ ಕೊಡೂದಿಲ್ಲೇನು? ಹಂಗ ಹಲ್ಲು ಕೊಟ್ಟೆ.”

ಗ್ವಾಡಿ ಮ್ಯಾಲಿನ ನೇಮ ನನ್ನನ್ನ ನೋಡಿ ನಕ್ಕಂಗಾತು. ಒಬ್ಬಾಕಿ ಬಾಯಿದು ಇನ್ನೊಬ್ಬಾಕಿ ಬಾಯಿಗೆ ಹೋಗಿತ್ತು, ಅದೂ ಸರಿಯಾಗಿ ಕೂಡೂವಂಗ ಮಾಡಿದಾಕಿ ನಾನ!

“ಕೊರೊನಾದಾಗ ಇಕಿ ಕೆಮ್ಮಿದ್ಲಂತ ಎಂಟು ದಿನಾ ಕೊಟ್ಟಿಗ್ಯಾಗ ಇಟ್ಟಿದ್ದೆ ಅಂತ ನೀನ ಹೇಳಿದ್ದೆಲ್ಲ ಅಜ್ಜಿ!”

“ಅದು ಕೊರೊನಾ, ಇದು ಹಲ್ಲು. ಬ್ಯಾರೆ ಬ್ಯಾರೆ ಅಲ್ಲೇನವ್ವಾ?”

ಅಜ್ಜಿ ನಗೂದು ನನ್ನ ಕೈಯಾಗ ಕೆಟ್ಟಿತ್ತು. ಹೊಸಾದು ಮಾಡಾಕ ದಿನ ಇರಲಿಲ್ಲ. ಸೆಟ್ಟು ಔಷಧದ ನೀರಾಗ ಮುಳಗಿಸಿ ತೊಳದು, ಒಳಗ ಮೆತ್ತನ್ನ ಪದರ ಕೂಡಿಸಿ, ಅಜ್ಜಿ ಬಾಯಿಗೆ ಮತ್ತ ಹೊಂದಿಸಿದೆ. ನೆಗೆಣ್ಣಿಗೆ ಬ್ಯಾರೆ ಸೆಟ್ಟಿಗೆ ಅಳತಿ ತಗೊಂಡೆ. “ಇನ್ನೊಮ್ಮೆ ಯಾರಿಗೂ ಕೊಡಂಗಿಲ್ಲ” ಅಂತ ದೇವರ ಮ್ಯಾಲೆ ಆಣಿ ಹಾಕಿಸಿದೆ. ಇಬ್ಬರೂ ಗಲ್ಲ ಗಲ್ಲ ಬಡಕೊಂಡು ನನ್ನನ್ನ, ಆಯಾನ್ನ ಮದುವಿಗೆ ಕರದು ಹೋದ್ರು.

ಮದುವ್ಯಾಗ ಅಜ್ಜಿ ಮೊಮ್ಮಗಳ ಬಾಜೂಕ ನಿಂತು ಬಾಯಿ ತುಂಬ ನಕ್ಕಳು. ಫೋಟೋ ಆತು. ನನ್ನ ಕಣ್ಣು ತುಂಬಿ ಬಂದುವು, ಖರೇನ ಹೇಳತೀನಿ. ಕಣ್ಣು ಒರಸಿಕೊಂಡು ನೋಡತೀನಿ, ಮೊಮ್ಮಗಳ ಬಾಜೂಕ ಈಗ ನೆಗೆಣ್ಣಿ ನಿಂತಾಳ, ಅಕಿ ಬಾಯಿ ತುಂಬ ಹಲ್ಲು! ಕೆಳಗ ಕುಂತ ಅಜ್ಜಿ ಬಾಯಿ ಬೊಕ್ಕ.

“ಅಜ್ಜೀ! ಆಣಿ ಮಾಡಿದ್ದೆಲ್ಲ!”

“ಕೊಟ್ಟಿಲ್ಲವ್ವಾ, ನಿಂತ ಕಾಲ ಮ್ಯಾಲೆ ಇಸಕೋತೀನಿ. ಫೋಟೋಕ್ಕ ನಿಲ್ಲಾಕಿ ಒಬ್ಬೊಬ್ಬಾಕಿ ಅಲ್ಲೇನು? ಒಂದು ಸಾಕು.”

ನಾ ಎದಿ ಹಿಡಕೊಂಡೆ. ಹಿಂದಿನಿಂದ ನಮ್ಮ ಆಯಾ ಬಂದು ನನ್ನ ಬೆನ್ನ ಸವರಿದ್ಲು.

“ಗಾಬರಿ ಆಗಬ್ಯಾಡ್ರಿ ಅಕ್ಕಾರ. ನಡುವ ನಾನ ಒರಸಿ ಕೊಟ್ಟೀನಿ. ಇವತ್ತಂತೂ ಹೊಚ್ಚ ಹೊಸಾ ಸೀರಿ, ಘಳಗಿ ಮುರದು ಉಟ್ಟಿದ್ದು ಈಗ!”